ನಾಲ್ಕು ಕೋಟಿ ರಣಹದ್ದುಗಳ ಲೆಕ್ಕ

ಲಂಚ ತಗೊಂಡು ಸಿಕ್ಕಿಬಿದ್ದವರ ಸುದ್ದಿ ಪೇಪರ್‌ನಲ್ಲಿ ಬಂದಾಗಲೆಲ್ಲ "ರಣಹದ್ದುಗಳಂತೆ ಜನರನ್ನು ಕಿತ್ತು ತಿನ್ನುತ್ತಿದ್ದಾರೆ" ಅನ್ನೋ ಥರದ ಸಾಲು ಒಂದಾದರೂ ಇರುತ್ತೆ. ಬರೆದವರನ್ನು ಹಿಡಿದು, "ಸ್ವಾಮಿ, ನೀವು ಕೊನೆಯ ಸಲ ರಣಹದ್ದು ನೋಡಿದ್ದು ಯಾವಾಗ?" ಅಂತ ಕೇಳಬೇಕು ಅನ್ನಿಸುತ್ತೆ. ಬೈಗುಳ ಭಾಷೆಯಲ್ಲಿ ಹಾಗೇ ಉಳಿದಿದೆ. ಹಕ್ಕಿ ನಮ್ಮ ಊರುಗಳ ಆಕಾಶ ಬಿಟ್ಟು ಇಪ್ಪತ್ತೈದು ವರ್ಷದ ಮೇಲಾಯ್ತು.

ರಾಮಾಯಣದಲ್ಲಿ ಜಟಾಯುವಿಗೆ ಕೊಟ್ಟ ಮರ್ಯಾದೆಯನ್ನು ನಾವು ಅವನ ಸಂತತಿಗೆ ಯಾವತ್ತೂ ಕೊಟ್ಟವರಲ್ಲ. ಮನೆ ಮೇಲೆ ಬಂದು ಕೂತರೆ ಅಪಶಕುನ, ತಲೆ ಮೇಲೆ ಸುತ್ತಿದರೆ ಸಾವಿನ ಸೂಚನೆ. ಬೋಳು ಕತ್ತು, ಕೊಳೆತದ್ದನ್ನು ತಿನ್ನುವ ಬಾಯಿ. ಹುಲಿ ಸತ್ತರೆ ಸುದ್ದಿ, ಆನೆ ಸತ್ತರೆ ಸುದ್ದಿ. ರಣಹದ್ದುಗಳು ಕೋಟಿಗಟ್ಟಲೆ ಸತ್ತವು, ಆದರೆ ಹತ್ತು ವರ್ಷ ಪಕ್ಷಿತಜ್ಞರನ್ನು ಬಿಟ್ಟರೆ ಹೆಚ್ಚುಕಡಿಮೆ ಯಾರಿಗೂ ಗೊತ್ತಾಗಲಿಲ್ಲ.

ಬೆಂಗಳೂರಿನಿಂದ ಮೈಸೂರು ದಿಕ್ಕಿಗೆ ಐವತ್ತು ಕಿಲೋಮೀಟರ್ ಹೋದರೆ ರಾಮನಗರ. ಅಲ್ಲಿನ ರಾಮದೇವರ ಬೆಟ್ಟಕ್ಕೆ ನಿಮ್ಮಲ್ಲಿ ಅನೇಕರು ಒಂದು ಭಾನುವಾರವಾದರೂ ಹೋಗಿರುತ್ತೀರಿ. 'ಶೋಲೆ' ಚಿತ್ರೀಕರಣವಾದ ಜಾಗ ಅಂತ ಬಂಡೆಗಳ ಮುಂದೆ ಫೋಟೋ ತೆಗೆಸಿಕೊಂಡಿರುತ್ತೀರಿ. ಅದೇ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮ ಅಂತ ಘೋಷಿಸಿದ್ದಾರೆ. ಸುಮಾರು 346 ಹೆಕ್ಟೇರ್ ಜಾಗ. ಕಡಿದಾದ ಬಂಡೆಯ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. ವನ್ಯಧಾಮ ಆಗುವ ಹೊತ್ತಿಗೆ ಉಳಿದಿದ್ದದ್ದು ಬೆರಳೆಣಿಕೆಯಷ್ಟು. ಒಂದು ಕಾಲದಲ್ಲಿ ಕಾಗೆಯಷ್ಟೇ ಸಾಮಾನ್ಯವಾಗಿದ್ದ ಹಕ್ಕಿಗೆ ಬೇಲಿ ಹಾಕಿ ಕಾಯುವ ಸ್ಥಿತಿ ಯಾಕೆ ಬಂತು, ಅದು ಹೋದದ್ದರಿಂದ ಯಾರಿಗೆ ಏನಾಯ್ತು ಅನ್ನೋದು ನಮ್ಮ ಕಣ್ಣೆದುರಿಗೇ ನಡೆದ ಇತಿಹಾಸ. ನಾವು ಶಾಲೆಯಲ್ಲಿ ಪಾಣಿಪತ್ ಯುದ್ಧಗಳ ಇಸವಿ ಬಾಯಿಪಾಠ ಮಾಡುತ್ತಿದ್ದ ದಿನಗಳಲ್ಲೇ ನಡೆದದ್ದು.

ಮೊದಲು ಎಷ್ಟಿದ್ದವು ಅನ್ನೋದರಿಂದ ಶುರು ಮಾಡೋಣ. 1980ರ ದಶಕದಲ್ಲಿ ಭಾರತದಲ್ಲಿ ಸುಮಾರು ನಾಲ್ಕು ಕೋಟಿ ರಣಹದ್ದುಗಳು ಇದ್ದವು ಅನ್ನುವ ಅಂದಾಜಿದೆ. ಯಾರೂ ಒಂದೊಂದಾಗಿ ಎಣಿಸಿದ್ದಲ್ಲ, ಆದರೆ ಆಗ ಎಣಿಸುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಬಿಳಿ ಬೆನ್ನಿನ ರಣಹದ್ದು ಪ್ರಪಂಚದಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೊಡ್ಡ ಬೇಟೆಹಕ್ಕಿ ಇರಬೇಕು ಅಂತ 1985ರಲ್ಲಿ ತಜ್ಞರೊಬ್ಬರು ಬರೆದಿದ್ದರು. ಅದಕ್ಕೂ ಮೊದಲು ಗಲುಶಿನ್ ಎಂಬ ರಷ್ಯಾದ ಪಕ್ಷಿತಜ್ಞ ದೆಹಲಿ ನಗರದೊಳಗೇ ಸುಮಾರು 400 ಜೋಡಿ ರಣಹದ್ದುಗಳು ಗೂಡು ಕಟ್ಟುವುದನ್ನು ದಾಖಲಿಸಿ ಬೆರಗಾಗಿದ್ದ. ದೇಶದ ರಾಜಧಾನಿಯ ಮರಗಳ ಮೇಲೆ! ವಿಮಾನ ಹಾರಿಸುವವರಿಗಂತೂ ಅವು ದೊಡ್ಡ ತಲೆನೋವಾಗಿದ್ದವು.

ಇಷ್ಟೊಂದು ರಣಹದ್ದು ಇಲ್ಲೇ ಯಾಕೆ ಇದ್ದವು? ಉತ್ತರ ನಮ್ಮ ಕೊಟ್ಟಿಗೆಯಲ್ಲಿದೆ. ಪ್ರಪಂಚದಲ್ಲಿ ಅತಿ ಹೆಚ್ಚು ದನ ಎಮ್ಮೆ ಇರುವ ದೇಶಗಳಲ್ಲಿ ನಮ್ಮದು ಮುಂಚೂಣಿಯದು, ಆದರೆ ಹೆಚ್ಚಿನ ಜನ ದನದ ಮಾಂಸ ತಿನ್ನುವುದಿಲ್ಲ. ಬೇರೆ ಕಡೆ ಕಸಾಯಿಖಾನೆಗೆ ಹೋಗುವ ಪ್ರಾಣಿ ಇಲ್ಲಿ ಮುಪ್ಪಾಗಿ, ಕಾಯಿಲೆ ಬಿದ್ದು ಸಾಯುತ್ತೆ. ಆ ದೇಹಗಳೆಲ್ಲ ಎಲ್ಲಾದರೂ ಹೋಗಬೇಕಲ್ಲ.

ನಮ್ಮೂರಲ್ಲಿ ಅದು ಹೋಗುತ್ತಿದ್ದದ್ದು ಕೆರೆ ಹಿಂದಿನ ಬಯಲಿಗೆ. ದನ ಸತ್ತರೆ ಮೇಲಿನ ಕೇರಿಯವರು ಮುಟ್ಟುತ್ತಿರಲಿಲ್ಲ. ದಲಿತ ಕೇರಿಗೆ ಹೇಳಿ ಕಳಿಸುತ್ತಿದ್ದರು. ಅವರು ಬಂದು ಎಳೆದುಕೊಂಡು ಹೋಗಿ, ಚರ್ಮ ಸುಲಿದು, ಉಳಿದದ್ದನ್ನು ಅಲ್ಲೇ ಬಿಡುತ್ತಿದ್ದರು. ಚರ್ಮ ಹೋದ ಮೇಲೆ ಹದ್ದುಗಳಿಗೆ ಕೆಲಸ ಸಲೀಸು. ಇಪ್ಪತ್ತು ಮೂವತ್ತು ಹದ್ದು ಇಳಿದರೆ ಒಂದು ಹಸುವಿನ ದೇಹ ಒಪ್ಪತ್ತಿನೊಳಗೆ ಬರೀ ಮೂಳೆ. ಕೆಲವು ದಿನ ಬಿಟ್ಟು ಮೂಳೆ ಆರಿಸುವವರು ಬಂದು ಗೋಣಿಚೀಲ ತುಂಬಿಕೊಂಡು ಹೋಗುತ್ತಿದ್ದರು, ಗೊಬ್ಬರದ ಕಾರ್ಖಾನೆಗೆ. "ಮೂರ್ಸಂಜೆ ಒಳಗೆ ಬಯಲು ಕ್ಲೀನು ಕಣಪ್ಪ, ವಾಸನೆ ಅನ್ನೋದೇ ಇರ್ತಿರಲಿಲ್ಲ" ಅಂತ ನಮ್ಮಪ್ಪ ಈಗಲೂ ಹೇಳ್ತಾರೆ. ಇದನ್ನು ಹಳೇ ಕಾಲದ ಸಾಮರಸ್ಯ ಅಂತ ಹಾಡಿಹೊಗಳುವುದು ಬೇಡ. ಹೆಣ ಎಳೆಯುವವರಿಗೆ ಅದು ಜಾತಿ ಹೊರಿಸಿದ ಬಿಟ್ಟಿ ಚಾಕರಿ, ಅದೇ ಕಾರಣಕ್ಕೆ ಅವರನ್ನು ಊರ ಹೊರಗೆ ಇಟ್ಟಿದ್ದರು. ಊರು ಚೊಕ್ಕಟವಾಗಿರಲು ಇಬ್ಬರು ದುಡಿಯುತ್ತಿದ್ದರು, ಆ ಕೇರಿಯವರು ಮತ್ತು ಹದ್ದುಗಳು. ಊರು ಇಬ್ಬರನ್ನೂ ಹೀನಾಯವಾಗೇ ಕಂಡಿತು ಅಂತ ಹೇಳದೇ ಈ ಇತಿಹಾಸ ಮುಂದಕ್ಕೆ ಹೋಗುವುದಿಲ್ಲ.

ಇನ್ನು ಔಷಧಿಯ ವಿಷಯ. ಡೈಕ್ಲೋಫೆನಾಕ್ ಹೆಸರು ನಿಮಗೆ ಗೊತ್ತಿರದಿದ್ದರೂ ಅದರ ಪರಿಚಯ ಖಂಡಿತ ಇರುತ್ತೆ. ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡಾಗ ಹಚ್ಚುವ ಜೆಲ್ ಮೇಲಿನ ಸಣ್ಣಕ್ಷರ ಓದಿ ನೋಡಿ, ಬಹಳ ಸಲ ಅಲ್ಲಿ ಇರುವುದು ಅದೇ. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ತಯಾರಿಸಿದ ನೋವುನಿವಾರಕ ಇದು. ಒಳ್ಳೆಯ ಔಷಧಿಯೇ. 1990ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿನ ಕಂಪನಿಗಳು ಅಗ್ಗದಲ್ಲಿ ಮಾಡಲು ಶುರು ಮಾಡಿದ ಮೇಲೆ ದನದ ಡಾಕ್ಟರ ಚೀಲಕ್ಕೂ ಬಂತು. ಕೆಚ್ಚಲು ಬಾವಾಗಲಿ, ಕಾಲು ಊದಿಕೊಳ್ಳಲಿ, ಜ್ವರ ಬರಲಿ, ಒಂದು ಇಂಜೆಕ್ಷನ್ ಹಾಕಿಸಿದರೆ ಸಂಜೆ ಹೊತ್ತಿಗೆ ಹಸು ಎದ್ದು ಮೇವಿಗೆ ಬಾಯಿ ಹಾಕುತ್ತಿತ್ತು. ಯಾವ ರೈತ ಬೇಡ ಅಂತಾನೆ? ಮನೆ ಮಗಳ ಥರ ಸಾಕಿದ ಮುದಿ ಹಸು ನರಳುತ್ತಾ ಮಲಗಿದ್ದರೆ, ಬದುಕಲ್ಲ ಅಂತ ಗೊತ್ತಿದ್ದರೂ ನೋವಾದರೂ ಕಡಿಮೆಯಾಗಲಿ ಅಂತ ಹಾಕಿಸುತ್ತಿದ್ದರು. ಎಡವಟ್ಟಾದದ್ದು ಈ ಕರುಣೆಯಲ್ಲೇ. ಈ ಔಷಧಿ ದನದ ಮೈಯಿಂದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತೆ. ಚೇತರಿಸಿಕೊಂಡ ಹಸುವಿನಿಂದ ಯಾವ ಅಪಾಯವೂ ಇಲ್ಲ. ಇಂಜೆಕ್ಷನ್ ಹಾಕಿಸಿಕೊಂಡು ಒಂದೆರಡು ದಿನದಲ್ಲೇ ಸತ್ತ ಹಸುವಿನ ದೇಹ ಮಾತ್ರ ವಿಷ.

ಯಾರಿಗೆ ವಿಷ? ನಾಯಿಗಲ್ಲ, ಕಾಗೆಗಲ್ಲ, ಮನುಷ್ಯನಿಗಲ್ಲ. ಅದನ್ನು ಕಂಡುಹಿಡಿಯಲು ಬೇಕಾದದ್ದು ಸುಮಾರು ಹತ್ತು ವರ್ಷ.

ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಕ್ಷಿಧಾಮದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ಬೇಟೆಹಕ್ಕಿಗಳ ಅಧ್ಯಯನ ಮಾಡಿದ್ದರು. ಆಗ ಎಣಿಸಿದ ರಣಹದ್ದಿನ ಗೂಡುಗಳು 353. ಹತ್ತು ವರ್ಷ ಬಿಟ್ಟು ಮತ್ತೆ ಎಣಿಸಿದಾಗ 150. ಇನ್ನೆರಡು ಮೂರು ವರ್ಷಕ್ಕೆ 20. 2003ರಲ್ಲಿ ಸೊನ್ನೆ. ಮರದ ಮೇಲೆ ಹಕ್ಕಿ ಕತ್ತು ಇಳಿಬಿಟ್ಟು, ಜೋಂಪು ಹತ್ತಿದವರ ಹಾಗೆ ದಿನಗಟ್ಟಲೆ ಕೂತಿರುತ್ತಿತ್ತು, ಆಮೇಲೆ ಬಿದ್ದು ಸಾಯುತ್ತಿತ್ತು. ದೇಶದ ಬೇರೆ ಕಡೆ ಗಾಡಿಯಲ್ಲಿ ಸುತ್ತಿ ಹಳೇ ಲೆಕ್ಕದ ದಾರಿಯಲ್ಲೇ ಮತ್ತೆ ಎಣಿಸಿದರು. ಎಲ್ಲ ಕಡೆ ಅದೇ ಕತೆ. ಕೊನೆಗೆ ಬಂದ ಲೆಕ್ಕ ಹೀಗಿದೆ: 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದು ಶೇಕಡಾ 99.9ರಷ್ಟು ಕಡಿಮೆಯಾಗಿತ್ತು. ಉದ್ದ ಕೊಕ್ಕಿನದು ಮತ್ತು ಅದರ ದಾಯಾದಿ ಪ್ರಭೇದ ಸೇರಿ ಶೇಕಡಾ 97ರಷ್ಟು. ಸಾವಿರಕ್ಕೆ ಒಂದು ಉಳಿಯಿತು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಸಾವಿರ ಜನ ಇದ್ದರೆ ಹದಿನೈದು ವರ್ಷದ ಮೇಲೆ ಲಿಫ್ಟ್‌ನಲ್ಲಿ ನೀವೊಬ್ಬರೇ.

ಮೊದಲು ಎಲ್ಲರೂ ಅನುಮಾನಪಟ್ಟದ್ದು ವೈರಸ್ ಮೇಲೆ. ಇಷ್ಟು ವೇಗವಾಗಿ, ಇಷ್ಟು ದೂರ ಹರಡುವುದು ಸಾಂಕ್ರಾಮಿಕ ರೋಗ ತಾನೆ? ಕೀಟನಾಶಕ, ಸೀಸದಂಥ ಲೋಹ, ಆಹಾರದ ಕೊರತೆ, ಒಂದೊಂದನ್ನೇ ಪರೀಕ್ಷೆ ಮಾಡಿ ಕೈಬಿಟ್ಟರು. ಕೊನೆಗೆ ಎಳೆ ಸಿಕ್ಕಿದ್ದು ಗಡಿಯಾಚೆ, ಪಾಕಿಸ್ತಾನದ ಪಂಜಾಬಿನಲ್ಲಿ. ಅಮೆರಿಕದ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಪೆರೆಗ್ರಿನ್ ಫಂಡ್ ತಂಡದವರು ಅಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಹೃದಯ, ಯಕೃತ್ತಿನ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅದು ಯೂರಿಕ್ ಆಮ್ಲ. ಹಕ್ಕಿಗಳ ಮೂತ್ರಪಿಂಡ ಅದನ್ನು ಹೊರಹಾಕಬೇಕು. ಮೂತ್ರಪಿಂಡ ನಿಂತರೆ ಅದು ರಕ್ತದಲ್ಲೇ ಉಳಿದು ಒಳಗಿನ ಅಂಗಗಳ ಮೇಲೆ ಹರಳುಗಟ್ಟುತ್ತೆ. ಅಂದರೆ ಕೊಂದದ್ದು ಸೋಂಕಲ್ಲ, ಮೂತ್ರಪಿಂಡ ಹಾಳುಮಾಡುವ ಏನೋ ಒಂದು, ಅದೂ ಊಟದ ಜೊತೆ ಹೊಟ್ಟೆಗೆ ಬರುವಂಥದ್ದು.

ಹಾಗಾದರೆ ಹದ್ದಿನ ಊಟ ಯಾವುದು? ಸತ್ತ ಸಾಕುಪ್ರಾಣಿ. ಸಾಕುಪ್ರಾಣಿಗೆ ಕೊಡುವ ಔಷಧಿ ಯಾವುವು ಅಂತ ಪಶುವೈದ್ಯರನ್ನೂ ಅಂಗಡಿಯವರನ್ನೂ ಕೇಳಿಕೊಂಡು ಹೋದರು. ಬಾಯಿ ಮೂಲಕ ಹೋದರೂ ಮೈಗೆ ಹತ್ತುವ, ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲ ಔಷಧಿ ಪಟ್ಟಿಯಲ್ಲಿ ಎದ್ದು ಕಂಡದ್ದು ಒಂದೇ. ಪರೀಕ್ಷೆ ಮಾಡಿದರು. ಆ ಬಿಳಿ ಪದರ ಇದ್ದ 25 ಹದ್ದುಗಳಲ್ಲಿ 25ರಲ್ಲೂ ಡೈಕ್ಲೋಫೆನಾಕ್ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇಲ್ಲ. ಬಗ್ ಹುಡುಕುವುದೇ ಹೊಟ್ಟೆಪಾಡಾಗಿರುವ ನಮ್ಮಂಥವರಿಗೆ ಈ 25 ಮತ್ತು 0 ನೋಡಿದರೆ ಮೈ ಜುಮ್ಮೆನ್ನುತ್ತೆ. ಅಷ್ಟು ಚೊಕ್ಕವಾದ ಲಾಗ್ ನಮಗೆ ಯಾವತ್ತೂ ಸಿಗಲ್ಲ. ಸಂಶೋಧನೆ 2004ರ ಆರಂಭದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಭಾರತ ಮತ್ತು ನೇಪಾಳದ ಹದ್ದುಗಳಲ್ಲೂ ಅದೇ ಅಂತ ಅದೇ ವರ್ಷ ಖಾತ್ರಿಯಾಯ್ತು.

ಆದರೂ ಒಂದು ಪ್ರಶ್ನೆ ಕಾಡುತ್ತೆ. ಸಾಯೋ ದನಗಳಿಗೆಲ್ಲ ಏನು ಇಂಜೆಕ್ಷನ್ ಹಾಕಿಸುತ್ತಿರಲಿಲ್ಲವಲ್ಲ. ಹಳ್ಳಿಗಳಲ್ಲಿ ಹೆಚ್ಚಿನ ದನಗಳು ಡಾಕ್ಟರ ಮುಖವನ್ನೇ ನೋಡದೆ ಸಾಯುತ್ತವೆ. ಅಲ್ಲೊಂದು ಇಲ್ಲೊಂದು ವಿಷದ ಹೆಣದಿಂದ ನಾಲ್ಕು ಕೋಟಿ ಹಕ್ಕಿ ಹೇಗೆ ಹೋಗುತ್ತವೆ? ಇದಕ್ಕೆ ರಿಸ್ ಗ್ರೀನ್ ಎಂಬ ಬ್ರಿಟಿಷ್ ವಿಜ್ಞಾನಿ ಮತ್ತು ಸಂಗಡಿಗರು 2004ರಲ್ಲೇ ಲೆಕ್ಕ ಹಾಕಿ ಉತ್ತರ ಕೊಟ್ಟರು: ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಹೆಣಗಳಲ್ಲಿ ವಿಷ ಇದ್ದರೂ ಸಾಕು.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ಒರಟು ಲೆಕ್ಕ, ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಒಂದು ಹದ್ದು ಮೂರು ದಿನಕ್ಕೊಮ್ಮೆ ತಿನ್ನುತ್ತೆ ಅಂತಿಟ್ಟುಕೊಳ್ಳಿ, ವರ್ಷಕ್ಕೆ ಸುಮಾರು 120 ಊಟ. ಇನ್ನೂರು ಹೆಣದಲ್ಲಿ ಒಂದರಲ್ಲಿ ಮಾತ್ರ ಕೊಲ್ಲುವಷ್ಟು ಔಷಧಿ ಇದೆ ಅಂತಿಟ್ಟುಕೊಳ್ಳಿ. ಒಂದು ಊಟದಲ್ಲಿ ಬದುಕುವ ಸಾಧ್ಯತೆ 0.995. ಅದನ್ನು ಅದರಿಂದಲೇ 120 ಸಲ ಗುಣಿಸಿದರೆ 0.55. ಅಂದರೆ ವರ್ಷ ಮುಗಿಯುವಷ್ಟರಲ್ಲಿ ನೂರರಲ್ಲಿ ನಲವತ್ತೈದು ಹೋದವು. ಐದು ವರ್ಷಕ್ಕೆ ನೂರರಲ್ಲಿ ಉಳಿಯುವುದು ಐದು. ಹತ್ತು ವರ್ಷಕ್ಕೆ ನಾನೂರರಲ್ಲಿ ಒಂದು. ಹುಟ್ಟುವ ಮರಿಗಳ ಲೆಕ್ಕ ಇದರಲ್ಲಿ ಇಲ್ಲ ನಿಜ, ಆದರೆ ರಣಹದ್ದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ, ಮರಿ ದೊಡ್ಡದಾಗಿ ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ಈ ವೇಗಕ್ಕೆ ಅದು ಏನೇನೂ ಸಾಲದು. ಜೊತೆಗೆ ಇವು ಪಂಕ್ತಿಭೋಜನದ ಹಕ್ಕಿಗಳು. ಒಂದು ಎಲೆಯಲ್ಲಿ ವಿಷ ಇದ್ದರೆ ಇಡೀ ಪಂಕ್ತಿ ಏಳುವುದಿಲ್ಲ. ನಂತರ ದೇಶದ ಬೇರೆ ಬೇರೆ ಕಡೆ 1,800ಕ್ಕೂ ಹೆಚ್ಚು ಹೆಣಗಳಿಂದ ಮಾದರಿ ತೆಗೆದು ನೋಡಿದಾಗ ಸುಮಾರು ಶೇಕಡಾ 10ರಲ್ಲಿ ಡೈಕ್ಲೋಫೆನಾಕ್ ಅಂಶ ಇತ್ತು. ಎಲ್ಲವೂ ಕೊಲ್ಲುವ ಪ್ರಮಾಣವಲ್ಲ. ಆದರೆ ಬೇಕಾಗಿದ್ದದ್ದು ನೂರಕ್ಕೆ ಒಂದೂ ಅಲ್ಲವಲ್ಲ.

ಇಲ್ಲಿವರೆಗಿನದು ಹದ್ದಿನ ಕತೆ. ಮುಂದಿನದು ನಮ್ಮದು.

ಜಾವಾ ಬರೆಯುವವರಿಗೆ ಗಾರ್ಬೇಜ್ ಕಲೆಕ್ಟರ್ ಏನು ಅಂತ ಗೊತ್ತು. ಹಿಂದುಗಡೆ ಸದ್ದಿಲ್ಲದೆ ಓಡುತ್ತಿರುತ್ತೆ, ಬೇಡವಾದದ್ದನ್ನು ಗುಡಿಸುತ್ತಿರುತ್ತೆ. ನಿಂತುಹೋದರೆ ತಕ್ಷಣ ಏನೂ ಆಗಲ್ಲ. ಮೆಮೊರಿ ನಿಧಾನಕ್ಕೆ ತುಂಬುತ್ತೆ, ಆಮೇಲೆ ಸಂಬಂಧವೇ ಇಲ್ಲದ ಯಾವುದೋ ಮೂಲೆಯಲ್ಲಿ ಪ್ರೋಗ್ರಾಂ ಬೀಳುತ್ತೆ. ಹದ್ದು ಹೋದ ಮೇಲೂ ಆದದ್ದು ಹಾಗೇ. (ರೀಸ್ಟಾರ್ಟ್ ಬಟನ್ ಇಲ್ಲ ಅನ್ನೋದೊಂದು ಬಿಟ್ಟು.) ದನ ಸಾಯುವುದು ನಿಲ್ಲಲಿಲ್ಲ. ಊಟ ಹಾಗೇ ಬಿದ್ದಿತ್ತು, ಉಣ್ಣುವವರು ಬದಲಾದರು. ನಾಯಿಗಳು ಬಂದವು, ಇಲಿಗಳು ಬಂದವು.

ನಾಯಿ ತಿಂದರೇನು, ಹದ್ದು ತಿಂದರೇನು, ಖಾಲಿ ಆದರಾಯ್ತಲ್ಲ ಅನ್ನಿಸಬಹುದು. ವ್ಯತ್ಯಾಸ ದೊಡ್ಡದು. ಹದ್ದಿನ ಹೊಟ್ಟೆಯ ಆಮ್ಲ ಎಷ್ಟು ಗಡುಸು ಅಂದರೆ ಕೊಳೆತ ಮಾಂಸದಲ್ಲಿನ ಬಹುಪಾಲು ರೋಗಾಣುಗಳು ಅಲ್ಲೇ ಸಾಯುತ್ತವೆ. ಗಳಲೆ ರೋಗ, ಚಪ್ಪೆ ರೋಗ ಬಂದು ಸತ್ತ ದನವನ್ನೂ ತಿಂದು ಅರಗಿಸಿಕೊಳ್ಳುತ್ತಿದ್ದ ಹಕ್ಕಿ ಅದು. ನಾಯಿ ಅರ್ಧ ತಿಂದು ಅರ್ಧ ಬಿಡುತ್ತೆ, ಎಳೆದಾಡುತ್ತೆ, ಉಳಿದದ್ದು ವಾರಗಟ್ಟಲೆ ಕೊಳೆಯುತ್ತೆ, ನೊಣ ಮುತ್ತುತ್ತೆ, ಮಳೆ ಬಂದರೆ ಕೆರೆಗೋ ಹೊಳೆಗೋ ಸೇರುತ್ತೆ. ಹೊಟ್ಟೆ ತುಂಬಿದ ನಾಯಿ ವರ್ಷಕ್ಕೆ ಒಂದು ಮೊಟ್ಟೆ ಇಡುವ ಹಕ್ಕಿಯಲ್ಲ, ಒಂದೊಂದು ಸೂಲಿಗೆ ಐದಾರು ಮರಿ ಹಾಕುತ್ತೆ. ಮುಖ್ಯವಾಗಿ, ಹದ್ದಿಗೆ ಮನುಷ್ಯನನ್ನು ಕಚ್ಚುವ ಅಭ್ಯಾಸ ಇಲ್ಲ.

ಅರ್ಥಶಾಸ್ತ್ರಜ್ಞ ಅನಿಲ್ ಮಾರ್ಕಂಡ್ಯ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಹದ್ದುಗಳ ಕುಸಿತದ ಜೊತೆಜೊತೆಗೇ ದೇಶದಲ್ಲಿ ನಾಯಿಗಳ ಸಂಖ್ಯೆ ಸುಮಾರು 55 ಲಕ್ಷದಷ್ಟು ಹೆಚ್ಚಿತ್ತು. 1992ರಿಂದ 2006ರವರೆಗೆ ಹೆಚ್ಚುವರಿ ನಾಯಿಕಡಿತ 3.85 ಕೋಟಿ, ಅದರಿಂದ ರೇಬೀಸ್ ಬಂದು ಸತ್ತವರು 47,000ಕ್ಕೂ ಹೆಚ್ಚು ಅಂತ ಅವರ ಅಂದಾಜು. ರೇಬೀಸ್ ಸಾವು ಹೇಗಿರುತ್ತೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಅದರಲ್ಲಿ ಸಾಯುವವರಲ್ಲಿ ಮಕ್ಕಳೇ ಬಹಳ. ಬೀದಿಯಲ್ಲಿ ಆಡುವವರು ಅವರೇ ತಾನೆ.

ಇದಕ್ಕಿಂತ ದೊಡ್ಡ ಲೆಕ್ಕ ಬಂದದ್ದು ಇತ್ತೀಚೆಗೆ, 2024ರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ಇಯಾಲ್ ಫ್ರಾಂಕ್ ಮತ್ತು ಇಂಗ್ಲೆಂಡಿನ ವಾರ್ವಿಕ್‌ನ ಅನಂತ್ ಸುದರ್ಶನ್ ಮಾಡಿದ್ದು ನಮಗೆಲ್ಲ ಪರಿಚಯ ಇರುವ ಎ/ಬಿ ಟೆಸ್ಟ್ ಥರದ ಕೆಲಸ. ದೇಶದ ಕೆಲವು ಜಿಲ್ಲೆಗಳು ಮೊದಲಿಂದ ರಣಹದ್ದಿಗೆ ಹೇಳಿಮಾಡಿಸಿದ ಜಾಗಗಳು, ಕೆಲವು ಅಲ್ಲ. ಹದ್ದು ಇರದಿದ್ದ ಜಿಲ್ಲೆಗಳಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ. ಡೈಕ್ಲೋಫೆನಾಕ್ ಅಗ್ಗವಾಗುವ ಮೊದಲು ಮತ್ತು ನಂತರ ಎರಡೂ ಬಗೆಯ ಜಿಲ್ಲೆಗಳಲ್ಲಿ ಜನರ ಸಾವಿನ ಪ್ರಮಾಣ ಹೇಗೆ ಬದಲಾಯ್ತು ಅಂತ ಹೋಲಿಸಿದರು. ಮೊದಲು ಎರಡೂ ಗುಂಪು ಹೆಚ್ಚುಕಡಿಮೆ ಜೊತೆಜೊತೆಗೇ ಸಾಗುತ್ತಿದ್ದವು. ಹದ್ದು ಸತ್ತ ಮೇಲೆ, ಹದ್ದಿದ್ದ ಜಿಲ್ಲೆಗಳಲ್ಲಿ ಸಾವಿನ ಪ್ರಮಾಣ ಶೇಕಡಾ 4ಕ್ಕೂ ಹೆಚ್ಚು ಏರಿತ್ತು. ದನಗಳು ಜಾಸ್ತಿ ಇದ್ದ ಪಟ್ಟಣ ಪ್ರದೇಶಗಳಲ್ಲಿ ಏಟು ಇನ್ನೂ ಜೋರು. ರೇಬೀಸ್ ಲಸಿಕೆಯ ಮಾರಾಟ ಏರಿತ್ತು, ನೀರಿನ ಗುಣಮಟ್ಟ ಇಳಿದಿತ್ತು. 2000ದಿಂದ 2005ರವರೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷದಂತೆ ಒಟ್ಟು ಐದು ಲಕ್ಷ ಹೆಚ್ಚುವರಿ ಸಾವು.

ಐದು ಲಕ್ಷ! ಇದು ಅಂಕಿಅಂಶದ ಅಂದಾಜು. ಸತ್ತವರ ಹೆಸರಿನ ಪಟ್ಟಿ ಇಲ್ಲ, ಯಾವ ಮರಣ ಪ್ರಮಾಣಪತ್ರದಲ್ಲೂ ಕಾರಣ: ರಣಹದ್ದಿನ ಕೊರತೆ ಅಂತ ಬರೆದಿಲ್ಲ. ವಾಂತಿಭೇದಿ ಅಂತಲೋ ಜ್ವರ ಅಂತಲೋ ಇರುತ್ತೆ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಈ ಅಂಶವೇ. ಬರ ಬಂದರೆ ಬರ ಅಂತ ಗೊತ್ತಾಗುತ್ತೆ, ಪ್ರವಾಹ ಬಂದರೆ ಕಣ್ಣಿಗೆ ಕಾಣುತ್ತೆ. ಒಂದು ಜೀವಜಾತಿ ಜಾಗ ಖಾಲಿ ಮಾಡಿದರೆ ಬರುವ ಸಾವಿಗೆ ಬೇರೆ ಯಾವುದೋ ಹೆಸರಿರುತ್ತೆ. ಮಗು ಕಳೆದುಕೊಂಡ ತಾಯಿಗೆ ಆಕಾಶದಲ್ಲಿ ಏನೋ ಕಮ್ಮಿಯಾಗಿದೆ ಅಂತ ಯಾಕೆ ಹೊಳೆಯಬೇಕು?

ಈಗ ಬೀದಿನಾಯಿ ಜಗಳ ಅಂದರೆ ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗ್ರೂಪ್ ಹೊತ್ತಿ ಉರಿಯುತ್ತೆ. 2025ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯ್ತಲ್ಲ, ಆ ವಾರವಂತೂ ಊಟ ಹಾಕುವವರು, ಹಾಕಬಾರದು ಅನ್ನುವವರು ಮಾತೇ ಬಿಟ್ಟಿದ್ದರು. ಬೆಂಗಳೂರಿನ ನಾಯಿಗಳೆಲ್ಲ ರಣಹದ್ದಿನ ಜಾಗಕ್ಕೆ ಬಂದವು ಅಂತ ನಾನು ಹೇಳುತ್ತಿಲ್ಲ. ಅವುಗಳ ಹೊಟ್ಟೆ ತುಂಬುತ್ತಿರುವುದು ನಾವು ರಸ್ತೆ ತಿರುವಿನಲ್ಲಿ ಎಸೆಯುವ ಕವರುಗಳಿಂದ. ಆದರೆ ಕಸ ಎಲ್ಲಿ ಬಿದ್ದಿರುತ್ತೋ ಅಲ್ಲಿಗೆ ಯಾರಾದರೂ ಬಂದೇ ಬರುತ್ತಾರೆ, ಯಾರು ಬರಬೇಕು ಅನ್ನೋದನ್ನು ಆಯ್ಕೆ ಮಾಡುವ ಅವಕಾಶ ನಮ್ಮ ಕೈಯಲ್ಲಿ ಇರುವುದಿಲ್ಲ ಅನ್ನೋದು ಎರಡೂ ಕಡೆ ಒಂದೇ.

ಪಾರ್ಸಿಗಳದು ಇನ್ನೊಂದು ಸಂಕಟ. ಮಣ್ಣು, ಬೆಂಕಿ, ನೀರನ್ನು ಹೆಣದಿಂದ ಮೈಲಿಗೆ ಮಾಡಬಾರದು ಅನ್ನುವುದು ಅವರ ಧರ್ಮ. ಮುಂಬೈನ ಮಲಬಾರ್ ಹಿಲ್ ಮೇಲಿನ ದಖ್ಮಾದಲ್ಲಿ ದೇಹವನ್ನು ಹದ್ದುಗಳಿಗೆ ಒಪ್ಪಿಸುತ್ತಿದ್ದರು. ಹದ್ದು ಬರುವುದು ನಿಂತ ಮೇಲೆ ಬಿಸಿಲನ್ನು ಒಂದೆಡೆ ಹಾಯಿಸುವ ಸೌರಫಲಕಗಳನ್ನು ಕೂರಿಸಿದರು. ಮಳೆಗಾಲದಲ್ಲಿ ಅದೂ ನಡೆಯಲ್ಲ. ಕೆಲವರು ಸುಡುವುದಕ್ಕೆ ಒಪ್ಪಿಕೊಂಡರು, ಕೆಲವರು ಇವತ್ತಿಗೂ ಒಪ್ಪಿಲ್ಲ. ಒಂದು ಹಕ್ಕಿ ಹೋಗಿ ಒಂದು ಸಮುದಾಯ ಸಾವಿರಾರು ವರ್ಷದ ಅಂತ್ಯಸಂಸ್ಕಾರದ ಬಗ್ಗೆ ತಮ್ಮತಮ್ಮಲ್ಲೇ ಜಗಳವಾಡುವ ಹಾಗಾಯ್ತು.

ಸರ್ಕಾರ ಏನು ಮಾಡಿತು? ನಿಜ ಹೇಳಬೇಕೆಂದರೆ ನಮ್ಮಲ್ಲಿನ ಲೆಕ್ಕಕ್ಕೆ ಬೇಗನೇ ಮಾಡಿತು. ಕಾರಣ ಗೊತ್ತಾದ ಎರಡೇ ವರ್ಷಕ್ಕೆ, 2006ರಲ್ಲಿ, ಪಶುಗಳಿಗೆಂದು ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಷೇಧಿಸಿತು. ನೇಪಾಳ, ಪಾಕಿಸ್ತಾನ ಕೂಡ. ಬದಲಿಗೆ ಬಳಸಲು ಮೆಲಾಕ್ಸಿಕ್ಯಾಮ್ ಇತ್ತು, ಅದು ಹದ್ದಿಗೆ ಅಪಾಯ ಮಾಡಲ್ಲ ಅಂತ ಅದೇ ವರ್ಷ ಸಾಬೀತಾಗಿತ್ತು. ಆದರೆ ಮನುಷ್ಯರ ಔಷಧಿಗೆ ನಿಷೇಧ ಇಲ್ಲವಲ್ಲ. 30 ಮಿಲಿಲೀಟರಿನ ದೊಡ್ಡ ಬಾಟಲಿಗಳು ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತಿದ್ದವು. ಯಾವ ಮನುಷ್ಯನಿಗೆ ಅಷ್ಟು ದೊಡ್ಡ ಬಾಟಲಿ ಬೇಕು? ಅದು ಸೀದಾ ಕೊಟ್ಟಿಗೆಗೇ ಹೋಗುತ್ತಿತ್ತು. 2015ರಲ್ಲಿ ಬಾಟಲಿಯ ಗಾತ್ರವನ್ನು 3 ಮಿಲಿಲೀಟರಿಗೆ ಇಳಿಸಿದರು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ಮದ್ರಾಸ್ ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಬೇರೆ ನೋವುನಿವಾರಕಗಳು ಆ ಜಾಗಕ್ಕೆ ಬಂದಿದ್ದವು. ಅಸಿಕ್ಲೋಫೆನಾಕ್ ಅನ್ನೋದು ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತೆ. ಮುಂಬಾಗಿಲಿನಿಂದ ಹೊರಗೆ ಹಾಕಿದವನು ಹೆಸರು ಬದಲಿಸಿಕೊಂಡು ಹಿತ್ತಲಿಂದ ಬಂದ ಹಾಗೆ. ಅದನ್ನೂ ಕೀಟೋಪ್ರೊಫೆನ್ನನ್ನೂ ನಿಷೇಧಿಸಿದ್ದು 2023ರಲ್ಲಿ, ನಿಮೆಸುಲೈಡನ್ನು 2024ರ ಕೊನೆಯಲ್ಲಿ. ಈ ನಡುವೆ ಯುರೋಪಿನಲ್ಲಿ ಅತಿ ಹೆಚ್ಚು ರಣಹದ್ದುಗಳಿರುವ ಸ್ಪೇನ್, ಇಷ್ಟೆಲ್ಲ ಗೊತ್ತಿದ್ದೂ, 2013ರಲ್ಲಿ ಇದೇ ಡೈಕ್ಲೋಫೆನಾಕ್‌ಗೆ ಪಶುಗಳ ಮೇಲೆ ಬಳಸಲು ಪರವಾನಗಿ ಕೊಟ್ಟಿತು. ನಾವೇ ದಡ್ಡರು ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ.

ನೇಪಾಳದ್ದು ಒಂದು ಖುಷಿಯ ಪ್ರಸಂಗ. ಅಲ್ಲಿನ ಪಿಠೌಲಿ ಎಂಬ ಹಳ್ಳಿಯ ಜನ 2006ರಲ್ಲಿ 'ಜಟಾಯು ರೆಸ್ಟೋರೆಂಟ್' ತೆರೆದರು. ದುಡಿಯಲಾಗದ ಮುದಿ ದನಗಳನ್ನು ತಂದು ಸಾಕುತ್ತಾರೆ, ಅವು ತಾವಾಗಿ ಸತ್ತ ಮೇಲೆ ಹದ್ದುಗಳಿಗೆ ಹಾಕುತ್ತಾರೆ. ವಿಷದ ಔಷಧಿ ಹತ್ತಿರ ಸುಳಿಯುವ ಹಾಗಿಲ್ಲ. ನೇಪಾಳದಲ್ಲಿ ಹದ್ದುಗಳ ಸಂಖ್ಯೆ ಸ್ವಲ್ಪ ಸ್ವಲ್ಪ ಏರುತ್ತಿದೆ. ನಮ್ಮಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಸಾಕಿ ಮರಿ ಮಾಡಿಸುವ ಕೇಂದ್ರವಿದೆ. ಆದರೆ ಮರಿ ಮಾಡಿಸಿ ಬಿಟ್ಟರೆ ಅವು ತಿನ್ನುವುದು ಏನನ್ನು? ನಮ್ಮೂರಿನ ಬಯಲು ಈಗ ಲೇಔಟ್ ಆಗಿದೆ. ಉಳುಮೆ ಟ್ರ್ಯಾಕ್ಟರಿನದು, ಎತ್ತುಗಳು ನಾಲ್ಕು ಮನೆಯಲ್ಲಿ ಇರಬಹುದು. ಹೆಣ ಎಳೆಯಲು ಹೇಳಿ ಕಳಿಸಿದರೆ ಆ ಕೇರಿಯಿಂದ ಯಾರೂ ಬರಲ್ಲ, ಬರಲೂ ಬಾರದು. ಸೀಮೆ ಹಸು ಸತ್ತರೆ ಜೆಸಿಬಿಯವನಿಗೆ ಫೋನ್ ಮಾಡಿ ತೋಟದ ಮೂಲೆಯಲ್ಲಿ ಗುಂಡಿ ತೆಗೆಸಿ ಹೂಳುತ್ತಾರೆ. ಹದ್ದು ಮಾತ್ರವಲ್ಲ, ಅದರ ಎಲೆಯನ್ನೂ ನಾವು ಎತ್ತಿಬಿಟ್ಟಿದ್ದೇವೆ.

ಹಾಗಾಗಿ ಕರ್ನಾಟಕದಲ್ಲಿ ಬಿಳಿ ಬೆನ್ನಿನ ರಣಹದ್ದು ನೋಡಬೇಕು ಅಂದರೆ ಬಂಡೀಪುರ, ನಾಗರಹೊಳೆಯ ಕಡೆಗೇ ಹೋಗಬೇಕು. ಅಲ್ಲಿಂದ ಮುದುಮಲೆ, ವಯನಾಡಿನವರೆಗೆ ಹಬ್ಬಿದ ಕಾಡಿನಲ್ಲಿ ಅವು ಸ್ವಲ್ಪ ಉಳಿದುಕೊಂಡಿವೆ. ಅಲ್ಲಿ ಅವುಗಳ ಊಟ ಹುಲಿ, ಚಿರತೆ, ಸೀಳುನಾಯಿಗಳು ತಿಂದು ಬಿಟ್ಟ ಜಿಂಕೆ, ಕಡವೆ, ಕಾಟಿ. ಕಾಟಿಗೆ ಕಾಲು ಊದಿಕೊಂಡರೆ ಯಾರೂ ಇಂಜೆಕ್ಷನ್ ಹಾಕಿಸುವುದಿಲ್ಲ.